ಉಪ್ಪಿಗೆ ಕಾವಲು ಕೂತ ಕೆಂಪಮ್ಮನವರು

ಬೆಳಿಗ್ಗೆ ಬೀದಿಯವರೆಲ್ಲ ನೋಡುತ್ತಿದ್ದರೂ ಕೆಂಪಮ್ಮನವರಿಗೆ ಲೆಕ್ಕವಿರಲಿಲ್ಲ. ಜಗುಲಿಯ ಮೇಲೆ ಕೂತು, ಗಂಡನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಮುಂಗಾಲ ಮೂಳೆಯ ಮೇಲೆ ಬಲವಾಗಿ ಒತ್ತುತ್ತಿದ್ದರು. ಬಿದ್ದ ಗುಳಿ ಬೇಗ ತುಂಬಿಕೊಂಡರೆ "ಇವತ್ತು ಪರವಾಗಿಲ್ಲ, ಏಳಿ, ಮುಖ ತೊಳೀರಿ" ಅನ್ನುವರು. ಗುಳಿ ಹಾಗೇ ನಿಂತರೆ ಅವತ್ತು ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಆಗಷ್ಟೇ ಒಂಟಿಕೊಪ್ಪಲಿನಲ್ಲಿ ಅವರ ನೆರೆಮನೆಯಲ್ಲಿ ಸಂಸಾರ ಹೂಡಿದ್ದ ನಾನು ಮೊದಲ ಸಲ ಇದನ್ನು ನೋಡಿ, ಅಯ್ಯೋ, ಈ ವಯಸ್ಸಿನಲ್ಲಿ ಬೀದಿಗೆ ಕಾಣುವ ಹಾಗೆ ಇದೇನು ಸರಸ ಎಂದುಕೊಂಡಿದ್ದೆ!

ಗಂಡ ಚಿಕ್ಕೇಗೌಡರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಇಬ್ಬರೂ ಕಡಕೊಳದ ಕಡೆಯ ಬೇಸಾಯದ ಮನೆಯವರು. ಗೌಡರ ಹೃದಯ ಸೋತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಸಂಜೆಯಾದರೆ ಕಾಲು ಬಾತುಕೊಳ್ಳುವುದು. ಡಾಕ್ಟರು ಮಾತ್ರೆ ಕೊಟ್ಟು, ಮೈಯ ನೀರಿಳಿಸುವ ಇಂಜೆಕ್ಷನ್ ಚುಚ್ಚಿ, ಉಪ್ಪು ಬಿಡದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ ಎಂದಿದ್ದರು. ಕೆಂಪಮ್ಮನವರು ಅದನ್ನು ನನಗೆ ತಿಳಿಸಿ ಹೇಳಿದ್ದು ಹೀಗೆ: "ಕಪಿಲೆ ಎಳೆಯೋ ಎತ್ತು ಸೋತೋದ್ರೆ ನೀರು ಬಾವೀಲೇ ಉಳ್ಕತದಲ್ಲ, ಅಂಗೇ ಕಣಮ್ಮ ಇವ್ರದ್ದೂವೆ. ಮುದಿ ಎತ್ತಿಗೆ ಹೊಡುದ್ರೆ ಏನು ಬಂತು? ನೀರು ಜಾಸ್ತಿ ಆಗ್ದಂಗೆ ನಾವು ನೋಡ್ಕಬೇಕು. ಉಪ್ಪು ತಿಂದ್ರೆ ನೀರು ತುಂಬ್ಕತದೆ."

ಅಷ್ಟು ತಿಳಿದ ಹೆಂಗಸು ಎಡವಿದ್ದೆಲ್ಲಿ ಗೊತ್ತೇ? ಸಾರು, ಪಲ್ಯ, ಮಜ್ಜಿಗೆ, ಯಾವುದಕ್ಕೂ ಉಪ್ಪು ಸೋಕಿಸುತ್ತಿರಲಿಲ್ಲ. ಆದರೂ ಬಾವು ಇಳಿಯಲೊಲ್ಲದು. ಒಂದು ಬೆಳಿಗ್ಗೆ ಗೌಡರಿಗೆ ಮಾತಾಡಲೂ ಉಸಿರಿಲ್ಲದಂತಾಗಿ, ಡಾಕ್ಟರು ಮನೆಗೇ ಬಂದರು. ಇಂಜೆಕ್ಷನ್ ಕೊಟ್ಟು, "ಉಪ್ಪು ಕೊಡ್ತಿದ್ದೀರೇನಮ್ಮ?" ಎಂದು ಕೇಳಿದರು. ಇವರಿಗೆ ರೇಗಿತು. "ದೇವ್ರಾಣೆಗೂ ಒಂದು ಹರಳು ಹಾಕಿಲ್ಲ!" ಮಂಚದ ಪಕ್ಕದಲ್ಲಿ ಗಂಜಿಯ ಬಟ್ಟಲಿತ್ತು, ಅದರ ಜೊತೆಗೊಂದು ಕಪ್ಪನೆಯ ಹೋಳು. ಡಾಕ್ಟರು ಅದೇನೆಂದರು. "ಅದು ಹಳೇ ಹೇರಳೆಕಾಯಿ ಉಪ್ಪಿನಕಾಯಿ. ಊರಿನ ಜಾಡೀದು. ಕಾಯಿಲೆಯೋರಿಗೆ ಪಥ್ಯಕ್ಕೆ ಇದನ್ನೇ ಅಲ್ವ್ರಾ ಕೊಡೋದು? ಇದು ಔಸ್ದಿ."

"ತಾಯಿ, ಇದು ವರ್ಷಗಟ್ಟಲೆ ಉಪ್ಪಲ್ಲೇ ನೆಂದಿದ್ದಲ್ವೇ?" ಎಂದರು ಡಾಕ್ಟರು, ಮೆಲ್ಲಗೆ.

ಕೆಂಪಮ್ಮನವರು ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ! ಔಸ್ದಿ ಔಸ್ದಿ ಅಂತ ನಾನೇ ತುಂಬುಸ್ತಿದ್ನಲ್ಲಪ್ಪ!" ಅವತ್ತೇ ಆ ಜಾಡಿಯನ್ನು ಸೊಂಟದ ಮೇಲೆ ಹೊತ್ತು ತಂದು ನಮ್ಮ ಅಡುಗೆಮನೆಯಲ್ಲಿ ಕುಕ್ಕಿದರು. ಬೇರೆಯವರಾಗಿದ್ದರೆ ಇಂಥದ್ದನ್ನು ಮುಚ್ಚಿಡುತ್ತಿದ್ದರು. ಇವರು ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಹೇಳಿದರು. ಕಾಯಿಲೆಯವರಿರುವ ಮನೆಗೆ ಹೋಗಿ ಬಟ್ಟಲು ಇಣುಕಿ ನೋಡುವ ಅಭ್ಯಾಸ ಆಮೇಲೆ ಶುರುವಾಯಿತು. ಬೈಸಿಕೊಂಡದ್ದೂ ಉಂಟು.

ಗಂಡನ ಜೊತೆ ತಾವೂ ಸಪ್ಪೆ ಉಂಡು ಪತಿವ್ರತೆ ಎನಿಸಿಕೊಳ್ಳುವ ಜಾಯಮಾನ ಅವರದಲ್ಲ. ದಿನಾ ಮಧ್ಯಾಹ್ನ ಸೆರಗಿನಡಿ ಮುದ್ದೆ ಮುಚ್ಚಿಕೊಂಡು ನಮ್ಮನೆಗೆ ಬಂದು, ನಮ್ಮ ಉಪ್ಪುಸಾರಿನಲ್ಲಿ ಗಡದ್ದಾಗಿ ಉಂಡು, ವಾಸನೆ ಬಾರದಂತೆ ಬಾಯಿ ಮುಕ್ಕಳಿಸಿ ಹೋಗುತ್ತಿದ್ದರು. ನಮ್ಮತ್ತೆ ಒಮ್ಮೆ ಕೊಂಕು ತೆಗೆದರು. "ನಾನೂ ಸಪ್ಪೆ ತಿಂದು ಬಿದ್ಕಂಡ್ರೆ ಅವ್ರನ್ನ ಎತ್ತಿ ಕೂರ್ಸಕ್ಕೆ ನೀವು ಬಂದೀರಾ?" ಎಂದು ಕೆಂಪಮ್ಮನವರು ಅವರ ಬಾಯಿ ಮುಚ್ಚಿಸಿಬಿಟ್ಟರು. ಗಂಡನಿಗೆ ಮಾತ್ರ ನಿಂಬೆಹಣ್ಣು, ಮೆಣಸು, ಸುಟ್ಟ ಬೆಳ್ಳುಳ್ಳಿ ಹಾಕಿ ದಿನಕ್ಕೊಂದು ಬಗೆ ಸಾರು ಮಾಡುವರು. "ನಾಲ್ಗೆಗೆ ವಸಿ ಮೋಸ ಮಾಡ್ಬೇಕು ಕಣಮ್ಮ."

ವಿದ್ಯಾರಣ್ಯಪುರದಲ್ಲಿ ಅವರ ಮಗಳ ಮನೆಯ ಗೃಹಪ್ರವೇಶ. ಗೌಡರು ಪಂಕ್ತಿಯಲ್ಲಿ ಕೂತಿದ್ದರು, ಬಡಿಸುವವನು ಶಾಸ್ತ್ರದಂತೆ ಎಲೆಯ ತುದಿಗೆ ಉಪ್ಪು ಹಾಕಿ ಮುಂದೆ ಹೋದ. ಹೆಂಗಸರ ಸಾಲಿನಿಂದ ಎದ್ದು ಬಂದ ಕೆಂಪಮ್ಮನವರು ಎಲ್ಲರೆದುರಿಗೆ ಬಗ್ಗಿ, ಅದನ್ನು ಬೆರಳಿಂದ ಬಳಿದು ತೆಗೆದುಬಿಟ್ಟರು. ಬೀಗರೆಲ್ಲ ಕತ್ತೆತ್ತಿ ನೋಡಿದರು. ಗೌಡರೇ ನಕ್ಕು, "ಬುಡ್ರಪ್ಪ, ನಾನು ಸರ್ಕಾರಕ್ಕೆ ಹೆದರ್ಲಿಲ್ಲ, ಇವಳಿಗೆ ಹೆದರ್ತೀನಿ" ಎಂದರು. ಈ ಕಾವಲಿನಲ್ಲೇ ಡಾಕ್ಟರು ನೆನೆಸಿದ್ದಕ್ಕಿಂತ ಹೆಚ್ಚು ಕಾಲ ಗೌಡರು ಬಾಳಿದರು.

ಈಗ ಇಬ್ಬರೂ ಇಲ್ಲ. ಕೆಂಪಮ್ಮನವರನ್ನು ನೆನೆದಾಗಲೆಲ್ಲ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ. ಮುದ್ದೆಯಿಲ್ಲದೆ ಬರಿಗೈಯಲ್ಲಿ ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತರು. "ಇನ್ನು ಅವ್ರು ಕೇಳಿದ್ದು ಕೊಡಿ ಅಂದ್ಬುಟ್ರು ಕಣಮ್ಮ ಡಾಕ್ಟ್ರು." ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ನನಗೆ ಅಳು ಬಂತು. "ಅಳ್ಬ್ಯಾಡ. ವಸಿ ಉಪ್ಪು ಕೊಡು" ಎಂದರು. ಅವರ ಮನೆಯಲ್ಲಿ ಉಪ್ಪೇ ಇರಲಿಲ್ಲವಲ್ಲ!

ಗೌಡರಿಗೆ ಪ್ರಾಣವಾಗಿದ್ದ ಉಪ್ಪುಸಾರು ಮಾಡಿದರು. ನಾನು ಗೌಡರ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಕೆಂಪಮ್ಮನವರು ಒಂದು ಗುಟುಕು ಬಾಯಿಗೆ ಹಿಡಿದರು. ಗೌಡರು ಮುಖ ಕಿವುಚಿದರು.

"ಏನೇ ಇದು, ಬರೀ ಉಪ್ಪು! ಎಂಗೆ ಕುಡಿಯೋದು? ದಿನಾ ಮಾಡ್ತೀಯಲ್ಲ, ಆ ಸಾರು ತತ್ತಾ."

ಕೆಂಪಮ್ಮನವರು ಬಟ್ಟಲನ್ನು ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಗಳಗಳನೆ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಆಮೇಲೆ ಕಣ್ಣೊರೆಸಿಕೊಂಡು, "ಇರಿ, ತರ್ತೀನಿ" ಎಂದು ಒಳಗೆ ಹೋಗಿ ಮತ್ತೆ ಒಲೆ ಹೊತ್ತಿಸಿದರು.