ಕೊಲೆಗಾರನ ಮಾತಿಗೆ ಬಾಯಾದವಳು

ಮನೆಯಲ್ಲಿ ಅವಳಿಗೆ ಪಟಾಕಿ ಎಂದೇ ಹೆಸರು. ಹಾಲಿಗೆ ಚೂರು ನೀರು ಹೆಚ್ಚಾದರೂ ಸಿಡಿಯುವವಳು, ಅತ್ತೆಯನ್ನೂ ಬಿಟ್ಟವಳಲ್ಲ. ಅಂಥವಳು ಹಿಡಿದದ್ದು ದುಭಾಷಿಯ ಕೆಲಸ. ತನ್ನದೆನ್ನುವ ಒಂದು ಮಾತೂ ಆಡುವಂತಿಲ್ಲ. "ದೇವ್ರು ನಿಂಗೆ ಸರಿಯಾದ ಶಿಕ್ಷೆನೇ ಕೊಟ್ಟಿದಾನೆ ಕಣೇ" ಎಂದು ಗಂಡ ನಗುತ್ತಿದ್ದ.

ಅವಳ ಮತದವರ ಬೀದಿಗಳನ್ನು ಸುಟ್ಟು ಜನರನ್ನು ಕೊಂದದ್ದನ್ನು ದಾಖಲಿಸಲು ಹೊರದೇಶದಿಂದ ತನಿಖೆಯವರು ಬಂದಿದ್ದರು. ಬದುಕುಳಿದವರ ಮಾತನ್ನೆಲ್ಲ ತನಿಖೆಯವರ ಭಾಷೆಗೆ ತಿರುಗಿಸಿದವಳು ಇವಳೇ. ಎದುರಿನವರು 'ನಾನು' ಎಂದರೆ ಇವಳೂ 'ನಾನು' ಎನ್ನಬೇಕು, ಅದು ಕೆಲಸದ ಕಟ್ಟಳೆ. ಮಗಳನ್ನು ಕಳೆದುಕೊಂಡ ಗಾರೆಯವನಿಗಾಗಿ 'ನನ್ನ ಮಗಳು' ಎಂದೂ ಹೇಳಿದ್ದಳು. ಆ ಸಂಕಟವನ್ನಾದರೂ ಹೇಗೋ ನುಂಗಿಕೊಂಡಳು. ಆದರೆ ಇವತ್ತು ಎದುರಿಗೆ ಕೂತವನು ಆ ಬೀದಿಗೆ ಗುಂಪು ಕಟ್ಟಿಕೊಂಡು ಬಂದ ಮುಖಂಡ.

"ನಾನು ಯಾರ್ನೂ ಮುಟ್ಟಿಲ್ಲ. ಅವ್ರ ಮನೆಗೆ ಅವ್ರೇ ಬೆಂಕಿ ಇಟ್ಕೊಂಡ್ರು" ಎಂದು ಅವನು ಆರಾಮಾಗಿ ಟೀ ಹೀರಿದ. ಬೀದಿಗೆ ಬೀದಿ ಸುಟ್ಟವನ ಧೈರ್ಯ ನೋಡಿ!

ಆ ಹಸಿ ಸುಳ್ಳನ್ನು ಅವಳು ತನ್ನ ಬಾಯಿಂದಲೇ ಹೇಳಬೇಕಾಯಿತು. ಮೈಯೆಲ್ಲ ಉರಿಯಿತು. ಆ ಟೀಯನ್ನು ಅವನ ಮುಖಕ್ಕೇ ಎರಚಬೇಕು ಎನಿಸಿತು. ಆದರೆ ಒಂದು ಪದ ಹೆಚ್ಚುಕಡಿಮೆಯಾದರೂ ಸಾಕು, ಇಡೀ ಹೇಳಿಕೆಯನ್ನೇ ತಳ್ಳಿಹಾಕಿಸಲು ಅವನ ವಕೀಲ ಹೊಂಚು ಹಾಕಿ ಕೂತಿದ್ದ. ಆಮೇಲೆ ಗಾರೆಯವನ ಮಗಳಿಗೆ ನ್ಯಾಯ ಎಲ್ಲಿಂದ ಬರಬೇಕು? ಹಲ್ಲು ಕಚ್ಚಿ ಕೂತಳು.

ಅವಳು ಸುಮ್ಮನಿದ್ದಷ್ಟೂ ಅವನಿಗೆ ಕೊಬ್ಬು ಏರಿತು. "ಇವ್ಳೂ ಆ ಹುಳಗಳ ಪೈಕಿನೇ" ಎಂದ. ಹುಳ ಎನ್ನುವುದನ್ನೂ ಬಿಡದೆ ಅವಳು ತಿರುಗಿಸಿ ಹೇಳಿದಳು. ತನಿಖೆಯ ಹೆಂಗಸು ಗಾಬರಿಯಾಗಿ, ಸ್ವಲ್ಪ ಹೊತ್ತು ನಿಲ್ಲಿಸೋಣವೇ ಎಂದು ಕೇಳಿದಳು. ಇವಳು ಬೇಡವೆಂದು ತಲೆಯಾಡಿಸಿದಳು.

ಇಷ್ಟು ಚುಚ್ಚಿದರೂ ಅಳಲಿಲ್ಲವಲ್ಲ ಎಂದು ಅವನಿಗೆ ತಡೆಯಲಾಗಲಿಲ್ಲ. ಅವಳತ್ತ ಬಾಗಿ, "ಮತ ಯಾವ್ದು ಅಂತ ಕೇಳಿ ಕೇಳಿನೇ ಒಬ್ಬೊಬ್ರನ್ನೂ ಮನೆಯಿಂದ ಎಳೆದು ಹಾಕಿದ್ವಿ. ನೀನು ಸಿಕ್ಕಿದ್ರೆ ನಿನ್ನೂ ಬಿಡ್ತಿರ್ಲಿಲ್ಲ" ಎಂದ.

ವಕೀಲ ಮೇಜಿನಡಿ ಅವನ ಕಾಲು ತುಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಕೀಲನ ದನಿ ಒಮ್ಮೆಲೇ ಬೆಣ್ಣೆಯಾಯಿತು. "ಅಮ್ಮಾ, ಏನೋ ಸಿಟ್ಟಲ್ಲಿ ಅಂದ್ಬಿಟ್ರು. ಅದೊಂದನ್ನ ಬಿಟ್ಬಿಡಿ."

ಅವಳು ತನಿಖೆಯವಳ ಕಡೆ ತಿರುಗಿ, ಮುಖಂಡ ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ವಕೀಲ ಬೇಡಿಕೊಂಡದ್ದನ್ನೂ ಹೇಳಿದಳು.