ಮೈದಾ ಚೀಲ ಹೊದ್ದ ಕಾರು

ನನ್ನ ಮೈದುನನ ಕಾರಿಗೆ ಹದವಾಗಿ ಬೆಂದ ಬನ್ನಿನ ಬೆನ್ನಿನ ಬಣ್ಣವಿತ್ತು. ಬಿಸಿಲು ಬಿದ್ದರೆ ಮೇಲೆ ಹಾಲು ಸವರಿದ ಹಾಗೆ ಹೊಳೆಯುತ್ತಿತ್ತು. ಅದು ನಮ್ಮ ಹಿತ್ತಲಿಗೆ ಬಂದು ನಿಂತ ದಿನವೇ ನನ್ನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದರಿದಂತಾಯಿತು. ಸುಳ್ಳೇಕೆ ಹೇಳಲಿ, ಆ ಕೆಂಡ ಇವತ್ತಿಗೂ ಪೂರ್ತಿ ಆರಿಲ್ಲ.

ನಮ್ಮದು ಬೇಕರಿ. ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟಿದ್ದು. ಕೆಲಸದವರು ನನ್ನ ಯಜಮಾನರನ್ನು ದೊಡ್ಡ ಯಜಮಾನ ಎನ್ನುತ್ತಿದ್ದರು, ಮೈದುನನನ್ನು ಸಣ್ಣ ಯಜಮಾನ. ಬೆಳಕು ಹರಿಯುವ ಮುಂಚೆ ಇಬ್ಬರೂ ಒಂದೇ ಮರದ ತೊಟ್ಟಿಯ ಎದುರು ಬದುರು ನಿಂತು ಹಿಟ್ಟು ನಾದುತ್ತಿದ್ದರು. ಒಬ್ಬರು ಒತ್ತಿದರೆ ಇನ್ನೊಬ್ಬರು ಮಡಚಬೇಕು, ಇವರು ಮಡಚಿದರೆ ಅವನು ಒತ್ತಬೇಕು. ಮಾತು ಕತೆ ಏನೂ ಇಲ್ಲ, ಉಸಿರಿನ ಸದ್ದು ಮಾತ್ರ. ನಮ್ಮವರು ತೀರಿಕೊಂಡ ಮೇಲೆ ನಾದುವ ಮಿಷನ್ ಬಂತು. ಆದರೂ ಮೈದುನ ದಿನದ ಮೊದಲ ಹಿಟ್ಟನ್ನು ಕೈಯಲ್ಲೇ ನಾದುತ್ತಾನೆ, ಒಬ್ಬನೇ, ತೊಟ್ಟಿಯ ಆ ಬದಿಗೂ ಈ ಬದಿಗೂ ಓಡಾಡಿಕೊಂಡು.

ಗಲ್ಲಾದಲ್ಲಿ ಕೂರುವುದು ಅವನ ಹೆಂಡತಿ, ನನ್ನ ಓರಗಿತ್ತಿ. ಫ್ಯಾನು, ಕನ್ನಡಿ, ಗಿರಾಕಿಗಳ ನಗು ಎಲ್ಲ ಅವಳ ಪಾಲಿಗೆ. ನನ್ನ ಪಾಲಿಗೆ ಹಿಂದಿನ ಕಿಟಕಿಯ ಪಕ್ಕದ ಮೇಜು. ಬ್ರೆಡ್ಡಿಗೆ ಮೇಣದ ಕಾಗದ ಸುತ್ತುವುದು ನನ್ನ ಕೆಲಸ. ಕಾರು ಬಂದ ಮೇಲೆ ಆ ಕಿಟಕಿಯಿಂದ ನನಗೆ ಬೇರೇನೂ ಕಾಣದಂತಾಯಿತು.

ಮೈದುನನದು ಮಾತು ಕಡಿಮೆ. ಏನಾದರೂ ಮುಖ್ಯವಾದದ್ದು ಹೇಳುವುದಿದ್ದರೆ ಮೊದಲು ಕೆಮ್ಮುತ್ತಾನೆ. ತೋಳು ಪೈಲ್ವಾನನದು, ಎದೆ ಗುಬ್ಬಿಯದು. ಎಷ್ಟು ಮಿಂದರೂ ಹುಬ್ಬಿನಲ್ಲಿ, ಕಿವಿಯ ಸುರುಳಿಯಲ್ಲಿ ಹಿಟ್ಟು ಉಳಿದೇ ಇರುತ್ತದೆ. ಇಂಥವನಿಗೆ ಕಾರಿನ ಹುಚ್ಚು ಹಿಡಿಸಿದ್ದು ಅವನ ಷಡ್ಡಕ, ಓರಗಿತ್ತಿಯ ಅಕ್ಕನ ಗಂಡ.

ಷಡ್ಡಕನದು ಟೈಲ್ಸು, ನಲ್ಲಿ, ಬಚ್ಚಲು ತೊಟ್ಟಿ ಮಾರುವ ದೊಡ್ಡ ಅಂಗಡಿ. ಮನುಷ್ಯ ಕೆಟ್ಟವನಲ್ಲ, ಆದರೆ ಬಾಯಿಗೆ ಬೀಗವಿಲ್ಲ. ಒಂದು ಸಲ ಯಾರದೋ ಮನೆಗೆ ಹೊರಟವನು ಮೈದುನ, ಓರಗಿತ್ತಿ ಇಬ್ಬರನ್ನೂ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಮೈದುನ ಹತ್ತುವ ಮುಂಚೆ, "ಇರು ಇರು," ಎಂದು ಹಿಂದಿನ ಸೀಟಿನ ಮೇಲೆ ಹಳೆಯ ಪೇಪರ್ ಹಾಸಿದ.

"ತಪ್ಪು ತಿಳ್ಕೋಬೇಡ ತಮ್ಮಾ, ಕಪ್ಪು ಸೀಟು. ನೀನು ಇಳಿದ ಮೇಲೂ ನಿನ್ನ ಅಚ್ಚು ಅಲ್ಲೇ ಕೂತಿರುತ್ತೆ!"

ಎಲ್ಲರೂ ನಕ್ಕರಂತೆ. ಓರಗಿತ್ತಿಯೂ ನಕ್ಕಳಂತೆ. ಮೈದುನ ಮಿಸುಕಿದಾಗಲೆಲ್ಲ ಅಡಿಯಲ್ಲಿ ಪೇಪರ್ ಚರಚರ ಅನ್ನುತ್ತಿತ್ತಂತೆ, ಅದಕ್ಕೆ ಅವನು ದಾರಿಯುದ್ದಕ್ಕೂ ಮಿಸುಕಲೇ ಇಲ್ಲವಂತೆ. ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತು ಕೆಮ್ಮಿದ.

"ಅತ್ತಿಗೆ, ಅವರ ಮಗಳ ಮದುವೆಗೆ ನಾನು ನನ್ನ ಕಾರಲ್ಲೇ ಹೋಗಿ ಇಳೀತೀನಿ. ಅವರದ್ದಕ್ಕಿಂತ ದೊಡ್ಡದರಲ್ಲಿ."

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಹಟ ಅನ್ನುವುದು ಹುದುಗಿನ ಹಾಗೆ. ಮೇಲೆ ಏನೂ ಕಾಣುವುದಿಲ್ಲ, ಒಳಗೊಳಗೇ ಉಬ್ಬುತ್ತಿರುತ್ತದೆ.

ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಫ್ಯಾಕ್ಟರಿ ಮ್ಯಾನೇಜರನಿಂದ ಆ ಫಾರಿನ್ ಕಾರು ಬಂತು. ಒಳಗೆಲ್ಲ ಚರ್ಮದ ಸೀಟು, ಮುಂದುಗಡೆ ನಯವಾದ ಮರದ ಪಟ್ಟಿ. ಗುಂಡಿ ಒತ್ತಿದರೆ ಸೀಟೇ ಬೆಚ್ಚಗಾಗುತ್ತದಂತೆ. ಆಹಾ! ಹುಟ್ಟಿದಾಗಿನಿಂದ ಒಲೆಯ ಮುಂದೆ ಬೆಂದವನಿಗೆ ಅದೊಂದು ಬಾಕಿ ಇತ್ತು.

ಓರಗಿತ್ತಿ ಮುಂದಿನ ಸೀಟಿನಲ್ಲಿ ಕೂತಳು ನೋಡಿ, ಅವಳ ಕತ್ತೇ ಉದ್ದವಾಯಿತು. ನಾನು ಕಿಟಕಿಯಿಂದ ಏನಾದರೂ ಕೇಳಿದರೆ ಒಂದು ಬೆರಳಲ್ಲಿ ಗಾಜು ಏರಿಸಿ ಉತ್ತರ ಕೊಡುತ್ತಿದ್ದಳು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವಳೇನು ಬೇಕೆಂದು ಮಾಡಿದಳೋ ಧೂಳಿಗೆ ಮಾಡಿದಳೋ, ನನ್ನ ಕೈಯಲ್ಲಂತೂ ಬ್ರೆಡ್ಡಿನ ಕಾಗದ ಹರಿದು ಬರುತ್ತಿತ್ತು. ನಮ್ಮವರು ಸೈಕಲ್ಲಿನ ಮೇಲೆ ಬನ್ನಿನ ಟ್ರೇ ಕಟ್ಟಿಕೊಂಡು ಮನೆಮನೆ ತಿರುಗಿ ಗಿರಾಕಿ ಹುಟ್ಟಿಸಿದರು. ಅದರ ಮೇಲೆ ಎದ್ದ ಬೇಕರಿಯ ಕಾರಿನಲ್ಲಿ ಮುಂದೆ ಕೂರುವವಳು ಇವಳು.

ದೇವರು ದೊಡ್ಡವನು. ಕಾರು ಕೆಡಲು ಶುರುವಾಯಿತು.

ಮೊದಲು ಬೆಳಿಗ್ಗೆ ಹೊತ್ತು ಎಚ್ಚರವಾಗಲು ಸತಾಯಿಸಿತು. ಆಮೇಲೆ ನಾಲ್ಕು ರಸ್ತೆ ಕೂಡುವಲ್ಲಿ ನಡುಮಧ್ಯೆ ನಿಂತು ಊರಿನವರೆಲ್ಲರ ಬಾಯಿಂದ ಬೈಸಿತು. ಸುಡುಬಿಸಿಲಲ್ಲಿ ವೈಪರ್ ತಾನಾಗಿಯೇ ಆಡಿತು. ಒಂದು ಮಧ್ಯಾಹ್ನ ನಿಂತಲ್ಲೇ ಹಾರ್ನ್ ಹೊಡೆಯಲು ಹತ್ತಿ, ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬನಿಯನ್ನಲ್ಲೇ ಓಡಿಬಂದು, "ಸತ್ತವರ್ಯಾರು?" ಎಂದು ಕೇಳಿದರು. ಇನ್ನೊಂದು ದಿನ ಓರಗಿತ್ತಿಯ ಕಡೆಯ ಗಾಜು ಇಳಿದದ್ದು ಮೇಲೇರಲೇ ಇಲ್ಲ. ಮಳೆಗೆ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಅವತ್ತು ಅವಳ ಮಾತು ನನಗೆ ಚೆನ್ನಾಗಿ ಕೇಳಿಸಿತು.

ಅದನ್ನು ರಿಪೇರಿ ಮಾಡುವುದು ದೊಡ್ಡ ಗ್ಯಾರೇಜು. ಹೋದರೆ ಸೋಫಾದ ಮೇಲೆ ಕೂರಿಸಿ ಕಾಫಿ ಕೊಡುತ್ತಾರಂತೆ. "ಕಾಫಿ ಕೊಟ್ರು ಅಂದ್ರೆ ಜೇಬು ಮುಟ್ಟಿ ನೋಡ್ಕೋಬೇಕು ಅತ್ತಿಗೆ," ಎನ್ನುತ್ತಿದ್ದ ಮೈದುನ. ಕಂಪ್ಯೂಟರ್ ಹಚ್ಚಿ ನೋಡುತ್ತಾರಂತೆ, ಕಂಪ್ಯೂಟರು ಅದು ಹೋಗಿದೆ ಅನ್ನುತ್ತದಂತೆ. ಅದನ್ನು ಹಡಗಿನಲ್ಲಿ ತರಿಸಿ ಹಾಕಿದರೆ ಮುಂದಿನ ವಾರ ಇದು ಹೋಯಿತು ಅನ್ನುತ್ತದಂತೆ. ಕೊನೆಗೆ ಅಲ್ಲಿಯ ಮೆಕ್ಯಾನಿಕ್ಕನಿಗೇ ಬೇಸರ ಬಂದು, "ಚಳಿಗೆ ಹೀಗಾಗ್ತಿರಬಹುದು ಸರ್, ಬೆಚ್ಚಗಿರೋ ಕಡೆ ನಿಲ್ಲಿಸಿ," ಅಂದ.

ಬೇಕರಿಯವನಿಗೆ ಹೇಳುವ ಮಾತೇ ಅದು?

ಮೈದುನ ಕಾರನ್ನು ತಂದು ಒಲೆಯ ಹಿಂಗೋಡೆಗೆ ಆನಿಸಿ ನಿಲ್ಲಿಸಿದ. ಆ ಗೋಡೆ ಹಗಲೂ ರಾತ್ರಿ ಬಿಸಿ. ಅದೂ ಸಾಲದೆಂದು ಖಾಲಿ ಮೈದಾ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ, ದಬ್ಬಣದಿಂದ ತಾನೇ ಹೊಲಿದು ಕಾರಿನಗಲದ ಹೊದಿಕೆ ಮಾಡಿದ. ಕಾರು ನಿಲ್ಲಿಸಿದಾಗಲೆಲ್ಲ ಹಿಟ್ಟಿನ ಉಂಡೆಗೆ ಬಟ್ಟೆ ಮುಚ್ಚುವ ಹಾಗೆಯೇ ಮುಚ್ಚಿ, ಅಂಚುಗಳನ್ನು ಚಕ್ರದ ಅಡಿಗೆ ಸಿಕ್ಕಿಸಿ, ಮೇಲೊಮ್ಮೆ ಮೆಲ್ಲಗೆ ತಟ್ಟುತ್ತಿದ್ದ.

"ಇದೇನೋ ಇದು?" ಅಂದೆ.

"ಹಿಟ್ಟು ಏಳದೆ ಹೋದ್ರೆ ಬೈದ್ರೆ ಏಳುತ್ತಾ ಅತ್ತಿಗೆ? ಬೆಚ್ಚಗೆ ಹೊದಿಸಿ ಸುಮ್ನೆ ಬಿಡಬೇಕು."

ಕಾರು ಏಳಲಿಲ್ಲ. ಇನ್ನಷ್ಟು ಮಲಗಿತು. ಯಾಕೆ ಎನ್ನುವುದು ಆ ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ಹೊಟ್ಟೆಕಿಚ್ಚಿನ ಕಣ್ಣು ರೆಪ್ಪೆ ಬಡಿಯುವುದಿಲ್ಲ ನೋಡಿ. ಒಂದು ಮಧ್ಯಾಹ್ನ ಬ್ರೆಡ್ಡು ಸುತ್ತುತ್ತ ಕಾರನ್ನೇ ದಿಟ್ಟಿಸುತ್ತಿದ್ದೆ. ಚೀಲದ ಹೊದಿಕೆಯ ಕೆಳಗಿನಿಂದ ಒಂದು ಬಾಲ ಬಂಪರಿನ ಸಂದಿಯೊಳಗೆ ಸರಿದು ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಹಿಟ್ಟಿನ ವಾಸನೆ, ಬೆಚ್ಚನೆಯ ಗೋಡೆ, ಮೇಲೆ ಹೊದಿಕೆ. ಇಲಿಗೆ ಇನ್ನೇನು ಬೇಕು, ಹಾಸಿಗೆ ದಿಂಬು?

ಆದರೆ ಬೇಕರಿಯಲ್ಲಿ ಇಲಿ ಎನ್ನುವ ಮಾತು ಆಡುವ ಹಾಗಿಲ್ಲ. ನಮ್ಮವರ ಕಾಲದಿಂದಲೂ ಹಾಗೆ. ಗಿರಾಕಿಯ ಕಿವಿಗೆ ಬಿದ್ದರೆ ಅಂಗಡಿ ಮುಚ್ಚಿದಂತೆಯೇ. ನಾವು ಉದ್ದಬಾಲ ಎನ್ನುತ್ತೇವೆ, ಅದೂ ಪಿಸುಮಾತಿನಲ್ಲಿ. ನಾನು ಖುಷಿಯಲ್ಲಿ ಅದನ್ನೂ ಮರೆತು ಗಲ್ಲಾದವರೆಗೆ ಹೋಗಿ, "ನಿಮ್ಮ ಕಾರು ಕೆಡಿಸ್ತಿರೋದು ಇಲಿ ಕಣೇ!" ಅಂದುಬಿಟ್ಟೆ.

ಓರಗಿತ್ತಿ ಮುಂದೆ ನಿಂತಿದ್ದ ಗಿರಾಕಿಯನ್ನು ನೋಡಿ ನಕ್ಕಳು, ನನ್ನನ್ನು ನೋಡಿ ಹಲ್ಲು ಕಡಿದಳು. ಗಿರಾಕಿ ಹೋದ ಮೇಲೆ ಶುರುವಾಯಿತು.

"ಅಕ್ಕಾ, ನಮ್ಮ ಕಾರು ಕಂಡ್ರೆ ನಿಮಗೆ ಇಲೀನೂ ಕಾಣುತ್ತೆ, ಹುಲೀನೂ ಕಾಣುತ್ತೆ. ಬಂದ ದಿನದಿಂದ ನೋಡ್ತಿದ್ದೀನಲ್ಲ, ನಿಮ್ಮ ಕಣ್ಣು ತಾಗೇ ಅದು ಹೀಗಾಗಿರೋದು."

"ನನ್ನ ಕಣ್ಣಿಗೆ ವೈರು ಕಡಿಯೋ ಹಲ್ಲಿದೆಯೇನೇ?"

"ಅದಕ್ಕಿಂತ ಚೂಪಾದ್ದಿದೆ."

ಮೈದುನ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಬಂದ. "ಅತ್ತಿಗೆ, ನಮ್ಮ ಬೇಕರೀಲಿ ಅವೆಲ್ಲ ಇಲ್ಲ," ಅಂದ. ಹೆಸರನ್ನೂ ಹೇಳಲಿಲ್ಲ. ಇದೆ ಎಂದು ಒಪ್ಪಿಕೊಂಡರೆ ಬೇಕರಿಯ ಮಾನ ಹೋಗುತ್ತದೆ, ಕಾರಿನದ್ದು ಆಮೇಲೆ. ಅಲ್ಲಿಗೆ ಮಾತು ಮುಗಿಯಿತು. ನಾನು ನಿಜ ಹೇಳಿದರೂ ಅದು ಹೊಟ್ಟೆಕಿಚ್ಚಿನ ಬಾಯಿಂದ ಬಂದ ನಿಜ. ಅದಕ್ಕೆ ಕಾಸಿನ ಬೆಲೆಯಿಲ್ಲ.

ಮದುವೆಯ ದಿನ ಬಂತು. ಮೈದುನ ಇಸ್ತ್ರಿ ಅಂಗಿ ತೊಟ್ಟು, ಹೊದಿಕೆ ತೆಗೆದು, ಕಾರನ್ನು ಮೈದಾ ಜರಡಿಯ ಹಳೆಯ ತೆಳು ಬಟ್ಟೆಯಲ್ಲಿ ಒರೆಸಿ, ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಗುರ್ ಎಂದಿತು. ಅವನ ಕಣ್ಣಲ್ಲಿ ನೀರು ಬಂತು. ಓರಗಿತ್ತಿ ಮುಂದೆ ಕೂತಳು. ನಾನು ಹಿಂದೆ, ತೊಡೆಯ ಮೇಲೆ ಅವನೇ ಮಾಡಿದ ಮದುವೆ ಕೇಕಿನ ದೊಡ್ಡ ಡಬ್ಬಿ. ಸೀಟು ಬೆಣ್ಣೆಯಂತಿತ್ತು. ಅಂಥ ಸೀಟಿನ ಮೇಲೆ ಕೂತು ಬೇರೆಯವರ ಕಾರು ಎಂದುಕೊಳ್ಳುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು.

ಛತ್ರ ಊರಿನ ಆಚೆ ತುದಿಗಿತ್ತು. ಒಂದು ದಿಬ್ಬ ಹತ್ತಿ ಇಳಿದರೆ ಎದುರಿಗೇ ಅದರ ಗೇಟು. ದಿಬ್ಬದ ನೆತ್ತಿಗೆ ಬಂದದ್ದೇ ತಡ, ಮುಂದಿನ ಮರದ ಪಟ್ಟಿಯ ಮೇಲೆ ಇದ್ದಬದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಕಾರು ಎರಡು ಸಲ ಬಿಕ್ಕಳಿಸಿ ಸತ್ತುಹೋಯಿತು. ಕೆಳಗೆ ಛತ್ರದ ಚಪ್ಪರ, ಜನ, ಗೇಟಿನಲ್ಲಿ ನಿಂತು ಬಂದವರನ್ನು ಎದುರುಗೊಳ್ಳುತ್ತಿದ್ದ ಷಡ್ಡಕ, ಎಲ್ಲ ಕಾಣುತ್ತಿತ್ತು.

ಮೈದುನ ಇಳಿದು ಬಾನೆಟ್ ಎತ್ತಿದ. ಎತ್ತಿದವನು ಹಿಂದಕ್ಕೆ ಹಾರಿದ. ಬೆಕ್ಕಿನ ಮರಿಯಷ್ಟಿದ್ದ ಒಂದು ಇಲಿ ಹೊರಗೆ ಧುಮುಕಿ ರಸ್ತೆ ದಾಟಿ ಓಡಿತು. ಒಳಗೆ ನೋಡಿದರೆ ಸೊಗಸಾದ ಗೂಡು. ನಾನು ಸುತ್ತುವ ಮೇಣದ ಕಾಗದವನ್ನೇ ನಯವಾಗಿ ಸೀಳಿ ಹಾಸಿಕೊಂಡಿತ್ತು, ಪಕ್ಕದಲ್ಲಿ ನಮ್ಮದೇ ಬನ್ನಿನ ಚೂರು. ಸುತ್ತ ವೈರುಗಳೆಲ್ಲ ತಿಂದುಬಿಟ್ಟ ಜೋಳದ ದಿಂಡಿನ ಹಾಗೆ.

"ನಾನೇನು ಹೇಳಿದ್ದೆ?" ಅಂದೆ.

"ಅಕ್ಕಾ, ಈಗ ಬೇಡ," ಅಂದಳು ಓರಗಿತ್ತಿ.

"ಈಗಲ್ಲದೆ ಇನ್ನು ನನ್ನ ತಿಥಿಗಾ?"

ಅವಳು ಗಂಡನ ಕಡೆ ಕಣ್ಣು ತೋರಿಸಿದಳು. ಮೈದುನ ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದ. ತಂದೆ ಸತ್ತಾಗಲೂ ಅವನ ಮುಖ ಹಾಗೆ ಕುಸಿದದ್ದನ್ನು ನಾನು ಕಂಡಿರಲಿಲ್ಲ. ಉಬ್ಬಿದ ಹಿಟ್ಟಿಗೆ ಬೆರಳು ಚುಚ್ಚಿದರೆ ಇಳಿಯುತ್ತದಲ್ಲ, ಹಾಗೆ. ನಾನು ಕೇಕಿನ ಡಬ್ಬಿಯ ಮುಚ್ಚಳ ಸರಿಮಾಡಿಕೊಂಡೆ.

"ರೀ, ಆಟೋ ಹಿಡಿಯೋಣ," ಅಂದಳು ಅವಳು.

"ಇಲ್ಲ."

ಇಳಿಜಾರನ್ನು ನೋಡಿದ. ಗೇಟನ್ನು ನೋಡಿದ. ಬಾನೆಟ್ ಮುಚ್ಚಿದ. "ಕೂತ್ಕೊಳ್ಳಿ. ಅತ್ತಿಗೆ, ಕೇಕು ಗಟ್ಟಿಯಾಗಿ ಹಿಡ್ಕೊಳ್ಳಿ."

ತೆರೆದ ಕಾರಿನ ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ಒಂದು ತಳ್ಳು ತಳ್ಳಿದ. ಕಾರು ಜರುಗಿತು. ಹಾರಿ ಒಳಗೆ ಕೂತ. ಇಂಜಿನ್ ಸತ್ತ ಕಾರಿನ ಸ್ಟಿಯರಿಂಗ್ ಅಂದರೆ ಬೀಸುಕಲ್ಲು. ಅವನ ತೋಳಿನ ನರಗಳು ಹುರಿಯಾಗಿ ಎದ್ದವು, ಒಬ್ಬನೇ ಎರಡು ಆಳಿನ ಹಿಟ್ಟು ನಾದುವವನ ತೋಳು. ಸದ್ದಿಲ್ಲ, ಗದ್ದಲವಿಲ್ಲ, ಗಾಳಿ ಮಾತ್ರ. ಕಾರು ಹಂಸದ ಹಾಗೆ ದಿಬ್ಬ ಇಳಿದು ಗೇಟಿನೊಳಗೆ ತಿರುಗಿ, ಅವನು ಎರಡೂ ಕಾಲಿನಿಂದ ಬ್ರೇಕ್ ಮೆಟ್ಟಿದ ಮೇಲೆ, ಮೆಟ್ಟಿಲ ಮುಂದೆ ಹಾಸಿದ್ದ ಕೆಂಪು ಜಮಖಾನೆಗೆ ಸರಿಯಾಗಿ ಬಂದು ನಿಂತಿತು.

ಜನ ತಿರುಗಿ ನೋಡಿದರು.

"ಏನ್ರೀ ಇದು, ಸದ್ದೇ ಇಲ್ಲ!"

"ಫಾರಿನ್ ಇಂಜಿನ್ ಅಂದ್ರೆ ಮತ್ತೆ? ಓಡ್ತಿದೆಯೋ ನಿಂತಿದೆಯೋ ಗೊತ್ತೇ ಆಗಲ್ಲ."

ಮೈದುನನೂ ನಾನೂ ಇಳಿಯುವಷ್ಟರಲ್ಲಿ ಷಡ್ಡಕ ನಗುತ್ತಲೇ ಬಂದ. ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡುವಷ್ಟರಲ್ಲಿ ಆ ನಗು ಎಲ್ಲೋ ಜಾರಿತು. ಅವನ ಕಣ್ಣಿನಲ್ಲಿ ನಾನು ದಿನಾ ಕನ್ನಡಿಯಲ್ಲಿ ಕಾಣುವ ವಸ್ತು ಕಂಡಿತು. ಅದರ ಗುರುತು ನನಗೆ ತಪ್ಪುವುದಿಲ್ಲ.

"ನಂದು ಹೊಸದು, ಆದ್ರೂ ಟ್ರ್ಯಾಕ್ಟರ್ ಹಾಗೆ ಕಿರುಚುತ್ತೆ," ಅಂದ. ಆಮೇಲೆ ಕೈ ಚಾಚಿದ. "ಕೀಲಿ ಕೊಡು ತಮ್ಮಾ. ಹಿಂದೆ ಗಂಡಿನ ಕಡೆಯವರ ಬಸ್ಸು ಬರ್ತಿದೆ, ದಾರಿ ಬಿಡಬೇಕು. ನಾನೇ ಒಂದು ಸುತ್ತು ಓಡಿಸಿ ಆಚೆ ನಿಲ್ಲಿಸ್ತೀನಿ."

ಮೈದುನ ಕೆಮ್ಮಿದ.

ನನಗೆ ಗೊತ್ತು, ಅವನು ಕೆಮ್ಮಿದ ಮೇಲೆ ಸುಳ್ಳು ಹೇಳುವುದಿಲ್ಲ. ಇಡೀ ಜನದ ಮುಂದೆ ಇಲಿ, ಗೂಡು, ಬನ್ನು ಎಲ್ಲ ಹೇಳಿಬಿಡುತ್ತಾನೆ. ನಾನು ಕೇಕಿನ ಡಬ್ಬಿಯ ಸಮೇತ ಅವರಿಬ್ಬರ ನಡುವೆ ನುಗ್ಗಿದೆ.

"ಓಡಿಸೋದೆಲ್ಲಿ ಬಂತು, ಪೆಟ್ರೋಲ್ ಖಾಲಿ! ಪಾಪ, ಹಾಕಿಸ್ಕೋತೀನಿ ಅತ್ತಿಗೆ ಅಂತ ಬಡ್ಕೊಂಡ. ನಾನೇ ಹೊತ್ತಾಗುತ್ತೆ ನಡಿಯೋ ಅಂತ ಅವಸರ ಮಾಡಿದೆ. ನನ್ನ ಬುದ್ಧಿಗಿಷ್ಟು!"

ಓರಗಿತ್ತಿ ನನ್ನನ್ನು ನೋಡಿದಳು. ಗಾಜು ಏರಿಸಲಿಲ್ಲ, ಏರುತ್ತಲೂ ಇರಲಿಲ್ಲ.

"ಅಷ್ಟೇ ತಾನೆ?" ಅಂದ ಷಡ್ಡಕ. "ಏಯ್ ಬನ್ರೋ, ಕೈ ಹಾಕಿ!" ತಾನೇ ಮೊದಲು ಹೋಗಿ ಡಿಕ್ಕಿಗೆ ಎರಡೂ ಅಂಗೈ ಊರಿದ. ಮೈದುನ ಮತ್ತೆ ಒಳಗೆ ಕೂತು ಸ್ಟಿಯರಿಂಗ್ ಹಿಡಿದ. ಹೆಂಡತಿ ಪಕ್ಕದಲ್ಲಿ ಕೂತೇ ಇದ್ದಳು, ಇಳಿಯುವ ಯೋಚನೆಯೇ ಇಲ್ಲ. ಮಹಾರಾಣಿಯ ಮೆರವಣಿಗೆ! ಸುಳ್ಳು ಹೇಳಿ ಮಾನ ಉಳಿಸಿದವಳು ಬಿಸಿಲಿನಲ್ಲಿ ಡಬ್ಬಿ ಹೊತ್ತು ನಿಂತಿದ್ದೆ.

ತಳ್ಳುತ್ತ ತಳ್ಳುತ್ತ ಷಡ್ಡಕನ ರೇಷ್ಮೆ ಅಂಗಿ ಬೆನ್ನಿಗೆ ಅಂಟಿತು. ಏದುಸಿರು ಬಿಡುತ್ತ ಪಕ್ಕದವನಿಗೆ ಹೇಳುತ್ತಿದ್ದ: "ಏನು ಭಾರ ನೋಡು! ಕಬ್ಬಿಣ ಅಂದ್ರೆ ಇದು. ನಂದು ಬರೀ ತಗಡು ಡಬ್ಬ."

ಬದಿಯ ಕನ್ನಡಿಯಲ್ಲಿ ಮೈದುನನ ಮುಖ ಕಾಣುತ್ತಿತ್ತು. ನಗುತ್ತಿರಲಿಲ್ಲ, ಬೀಗುತ್ತಲೂ ಇರಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ, ಹಸಿದವನು ಊಟದ ವಾಸನೆ ಹಿಡಿಯುವ ಹಾಗೆ. ಅವನನ್ನು ಕಂಡು ಒಬ್ಬರು ಹೊಟ್ಟೆ ಉರಿದುಕೊಳ್ಳುತ್ತಿದ್ದಾರೆ, ಹುಟ್ಟಿದಾಗಿನಿಂದ ಇದೇ ಮೊದಲ ಸಲ. ನಾನು ಉರಿದುಕೊಂಡದ್ದು ಲೆಕ್ಕಕ್ಕಿಲ್ಲ, ನಾನು ಮನೆಯವಳು.

ಆ ಮುಖ ನೋಡುತ್ತ ನನಗೆ ನಮ್ಮವರ ನೆನಪಾಯಿತು. ಅದೇ ತೊಟ್ಟಿಯಲ್ಲಿ, ಇವನಿಗಿಂತ ಹೆಚ್ಚೇ ನಾದಿದವರು. ಜನ ಅವರನ್ನು ಒಳ್ಳೆಯವರು ಅಂದರು, ಪಾಪ ಅಂದರು, ಸತ್ತ ದಿನ ಬೀದಿಯ ಅಂಗಡಿಗಳನ್ನೆಲ್ಲ ಮುಚ್ಚಿ ಬಂದರು. ಆದರೆ ಅವರಂತೆ ತಾನಿರಬೇಕಿತ್ತು ಎಂದು ಒಂದು ಗಳಿಗೆಯಾದರೂ ಹೊಟ್ಟೆ ಉರಿದುಕೊಂಡವನು ಒಬ್ಬನೂ ಇರಲಿಲ್ಲ. ಆ ಒಂದು ಗಳಿಗೆ ತಮ್ಮನಿಗೆ ಸಿಕ್ಕಿತು, ಅಣ್ಣನಿಗೆ ಸಿಗಲಿಲ್ಲ. ಕಾರು, ಸೀಟು, ಗಾಜು ಎಲ್ಲ ಅವಳೇ ಇಟ್ಟುಕೊಳ್ಳಲಿ. ಆ ಗಳಿಗೆ ಸಿಕ್ಕಿದ್ದನ್ನು ಮಾತ್ರ ಆ ಗಂಡ ಹೆಂಡತಿಗೆ ನಾನು ಯಾವತ್ತೂ ಮನ್ನಿಸಲಾರೆ.

ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಯಾರೋ ಹೆಂಗಸು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು.

"ಅಂಥಾ ಕಾರಿಗೆ ಪೆಟ್ರೋಲ್ ಹಾಕಿಸಬೇಡ ಅಂದೋರು ನೀವೇನಾ?"

"ಹೌದು ತಾಯಿ, ನಾನೇ," ಅಂದೆ. "ದಾರಿ ಬಿಡಿ, ಕೇಕು ಕರಗುತ್ತೆ."