ಪೆಗ್ಗಿಗೆ ಒಂದು ತುತ್ತು ಹೆಚ್ಚು

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ಬಾಡಿಗೆ ಮನೆಯಲ್ಲಿ ಮೊದಲ ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆರೆದರೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಹಳದಿ ಕೋಳಿಮರಿಗಳು ಸಾಲಾಗಿ ಸತ್ತು ಮಲಗಿದ್ದವು. ದಾವಣಗೆರೆಯಲ್ಲಿ ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆಯವಳು ನಾನು. ಬಾಗಿಲು ಹಾಕಿ, ಹಾಲಿಲ್ಲದ ಚಹಾ ಕುಡಿದು ಕೆಲಸಕ್ಕೆ ಹೋದೆ.

"ಅದು ಪೆಗ್ಗಿಯ ಊಟ, ಡಕ್" ಎಂದರು ಸಂಜೆ, ಅದೇ ಮನೆಯಲ್ಲಿದ್ದ ಮನೆಯೊಡೆಯ ಡೆರೆಕ್. ಈ ಕಡೆಯ ಜನ ಅಕ್ಕರೆಯಿಂದ ಎಲ್ಲರನ್ನೂ ಡಕ್ ಎನ್ನುತ್ತಾರೆ, ಬಸ್ ಡ್ರೈವರ್ ಕೂಡ. ಪೆಗ್ಗಿ ಎಂದರೆ ಅವರು ಹಿತ್ತಲಿನ ಮರದ ಗೂಡಿನಲ್ಲಿ ಸಾಕಿದ್ದ ಗಿಡುಗ. ಹ್ಯಾರಿಸ್ ಹಾಕ್ ಎಂಬ ಜಾತಿ. ಮೂಲ ಅಮೆರಿಕದ ಬಿಸಿಲು ಸೀಮೆಯದು, ಹುಟ್ಟಿದ್ದು ಮಾತ್ರ ಇಲ್ಲೇ ಯಾರದೋ ಗೂಡಿನಲ್ಲಿ. ಹಾಗಾಗಿ ಸಾಕಲಾಗದಿದ್ದರೆ ಕಾಡಿಗೆ ಬಿಟ್ಟುಬಿಡುವ ಹಾಗೂ ಇಲ್ಲ. ಇಲ್ಲಿಯ ಕಾಡು ಅವಳದಲ್ಲ.

ಅದು ತೊಂಬತ್ತರ ದಶಕದ ಕೊನೆ. ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ತೂಕ ಪರೀಕ್ಷಿಸುವುದು ನನ್ನ ಕೆಲಸ, ಎರಡು ವರ್ಷದ ಕರಾರು. ನಮ್ಮೂರಲ್ಲಾದರೆ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಇವತ್ತೇನು ಸಾರು ಎಂದು ಗೋಡೆಯಾಚೆಯಿಂದಲೇ ಕೇಳುತ್ತಿದ್ದರು. ಇಲ್ಲಿ ಮೂರು ತಿಂಗಳಾದರೂ ಪಕ್ಕದ ಮನೆಯವರ ಹೆಸರೇ ಗೊತ್ತಿರಲಿಲ್ಲ. ನನ್ನನ್ನು ನೆಟ್ಟಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವಳು ಪೆಗ್ಗಿ ಒಬ್ಬಳೇ. ಶನಿವಾರಗಳಲ್ಲಿ ಅವಳನ್ನು ಹಾರಿಸಲು ಡೆರೆಕ್ ಜೊತೆ ಗುಡ್ಡಕ್ಕೆ ಹೋಗತೊಡಗಿದೆ. ಚರ್ಮದ ಕೈಗವಸು ಹಾಕುವುದನ್ನು ಕಲಿತೆ. ಕಡೆಗೆ ಮೂಗು ಮುಚ್ಚಿಕೊಂಡು ಕೋಳಿಮರಿ ಕತ್ತರಿಸುವುದನ್ನೂ ಕಲಿತೆ. ಆಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ.

ಚಳಿಗಾಲದಲ್ಲಿ ಡೆರೆಕ್‌ಗೆ ಸೊಂಟದ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು: "ಇನ್ಮೇಲೆ ಗುಡ್ಡ ಹತ್ತೋದು ಡೌಟು ಅಂತ ಡಾಕ್ಟರ್ ಹೇಳ್ತಾರೆ. ಇವಳು ಇನ್ನೂ ಹದಿನೈದು ವರ್ಷ ಬದುಕ್ತಾಳೆ. ಎರಡು ವಾರ ನೋಡ್ಕೋ. ನಿಮ್ಮಿಬ್ಬರಿಗೂ ಹೊಂದಿದ್ರೆ ಅವಳು ನಿನ್ನವಳೇ." ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ದೇಶದಲ್ಲಿ ಯಾರೋ ಒಬ್ಬರು ನನ್ನನ್ನು ನಂಬಿದ್ದರು.

ನಿಯಮ ಒಂದೇ. ದಿನಾ ಬೆಳಿಗ್ಗೆ ತೂಕ ಮಾಡಿ ಪುಸ್ತಕದಲ್ಲಿ ಬರೆಯಬೇಕು. ಎರಡು ಪೌಂಡು ಒಂದು ಔನ್ಸ್ ದಾಟಿದ್ದರೆ ಆ ದಿನ ಹಾರಿಸಬಾರದು. "ಹೊಟ್ಟೆ ತುಂಬಿದ್ರೆ ಅವಳಿಗೆ ನೀನ್ಯಾರೋ" ಎಂದಿದ್ದರು ಡೆರೆಕ್.

ಆದರೆ ನಮ್ಮಲ್ಲಿ ಬಡಿಸುವ ರೀತಿ ನಿಮಗೆ ಗೊತ್ತಲ್ಲ. ಸಾಕು ಎಂದು ಎಲೆಗೆ ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಒಂದು ಸೌಟು ಹಾಕಿಯೇ ತೀರುತ್ತೇವೆ. ಪೆಗ್ಗಿ ಖಾಲಿ ಕೈಗವಸನ್ನು ಕುಕ್ಕುತ್ತಾ ನನ್ನ ಮುಖ ನೋಡಿದರೆ ಕರುಳು ಚುರ್ ಎನ್ನುತ್ತಿತ್ತು. ಅರೆಹೊಟ್ಟೆಯಲ್ಲಿಟ್ಟು ಪ್ರೀತಿ ಗಿಟ್ಟಿಸುವುದು ಯಾವ ನ್ಯಾಯ? ಪಾಪ, ಇನ್ನೊಂದು ಚೂರು ತಿನ್ನಲಿ ಎಂದು ದಿನಾ ಕೋಳಿಮರಿಯ ಒಂದು ಕಾಲು ಹೆಚ್ಚು ಕೊಟ್ಟೆ. ತೂಕ ಏರಿತು. ಪುಸ್ತಕದಲ್ಲಿ ಮಾತ್ರ ಎರಡು–ಒಂದು ಎಂದೇ ಬರೆದೆ.

ಕಾರ್ಖಾನೆಯಲ್ಲಿ ಜೊತೆಗಿದ್ದ ಮೈಸೂರಿನ ಗಿರಿಜಾ ಛೇಡಿಸುತ್ತಿದ್ದಳು. "ಏನೇ ಇದು, ಆಮ್ಲೆಟ್ ವಾಸನೆಗೇ ಎದ್ದು ಹೋಗ್ತಿದ್ದೋಳು ಬಾಣಂತಿ ಥರ ಹದ್ದಿಗೆ ಆರೈಕೆ ಮಾಡ್ತಿದೀಯ! ನಿಮ್ಮಮ್ಮಂಗೆ ಫೋನ್ ಮಾಡ್ಲಾ?"

"ಮಾಡಿದ್ರೆ ನೋಡು ಮತ್ತೆ! ಅದು ಹದ್ದಲ್ಲ ಕಣೇ, ಗಿಡುಗ."

ಭಾನುವಾರ ಅಪರೂಪಕ್ಕೆ ಬಿಸಿಲು. ಕುರಿ ಮೇಯುವ ಗುಡ್ಡದಲ್ಲಿ ಅವಳನ್ನು ಹಾರಿಸಿದೆ. ನೇರ ಮರದ ತುದಿಗೆ ಹೋಗಿ ಕೂತಳು. ಸಿಳ್ಳೆ ಹಾಕಿದೆ, ಮಾಂಸ ತೋರಿಸಿದೆ. ಅವಳು ಒಮ್ಮೆ ನೋಡಿ, ಆರಾಮಾಗಿ ಗರಿ ತೀಡಿಕೊಂಡಳು. ಆಮೇಲೆ ಎದ್ದು ಕಾಡಿನಾಚೆ ಹೊರಟೇಹೋದಳು. ಎಲ್ಲಿದ್ದಾಳೆಂದು ತಿಳಿಯಲು ಕಾಲಿಗೆ ಕಟ್ಟಿದ್ದ ಗೆಜ್ಜೆಯ ಸದ್ದು ನಿಂತಿತು. ನಾನು ಕಲ್ಲುಗೋಡೆಯ ಮೇಲೆ ಕೂತು ಗೊಳೋ ಎಂದು ಅತ್ತೆ.

ಆಸ್ಪತ್ರೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಡೆರೆಕ್ ಕೂಗಾಡಲಿಲ್ಲ.

"ತೂಕ ಎಷ್ಟಿತ್ತು?"

"ಎರಡು ನಾಲ್ಕು. ಬರೆದದ್ದು ಎರಡು ಒಂದು."

"ಮಾತ್ರೆಗಳ ತೂಕಾನೂ ಹೀಗೇ ಬರೀತೀಯಾ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅವರೇ ಹೇಳಿದರು: "ಕಾಲಿಗೆ ಕಟ್ಟಿರೋ ಚರ್ಮದ ಪಟ್ಟಿ ಕೊಂಬೆಗೆ ಸಿಕ್ಕಿದ್ರೆ ತಲೆಕೆಳಗಾಗಿ ನೇತಾಡಿ ಸಾಯ್ತಾಳೆ. ಹೋಗು, ಹುಡುಕು. ಅವಳಿಗೆ ಹಸಿವಾಗೋವರೆಗೂ ಅಲ್ಲೇ ಇರು."

ಕಾರ್ಖಾನೆಯಲ್ಲಿ ನನ್ನ ಪಾಳಿಗಳನ್ನು ಗಿರಿಜಾ ತೆಗೆದುಕೊಂಡಳು. ಕೆಲಸ ಮುಗಿಸಿ ಡಬ್ಬಿಯಲ್ಲಿ ಚಿತ್ರಾನ್ನ ತಂದುಕೊಟ್ಟು, ಬಾಯ್ತುಂಬ ಬೈದು ಹೋದಳು. ಎರಡು ದಿನ ಗುಡ್ಡದಲ್ಲೇ ಅಲೆದೆ, ಪ್ರತಿ ಮರಕ್ಕೂ ತಲೆಯೆತ್ತಿ. ಮೂರನೆಯ ಮಧ್ಯಾಹ್ನ ಗೆಜ್ಜೆ ಕೇಳಿಸಿತು. ಗೋಡೆಯ ಗುಂಟ ತಗ್ಗಾಗಿ ಬಂದು ಧಡ್ ಎಂದು ಕೈ ಮೇಲೆ ಇಳಿದಳು. "ಬಂದ್ಯಾ ನನ್ನ ತಾಯೀ!" ಎಂದೆ, ಕನ್ನಡದಲ್ಲಿ, ಕುರಿಗಳೆಲ್ಲ ತಿರುಗಿ ನೋಡುವ ಹಾಗೆ. ಅಳತೆಯಷ್ಟೇ ತಿನ್ನಿಸಿದೆ. ಇನ್ನೂ ಬೇಕೆಂದು ಕುಕ್ಕಿದಳು. ಮುಷ್ಟಿ ಬಿಗಿಹಿಡಿದೆ. ಅಷ್ಟು ಕಷ್ಟದ ಕೆಲಸ ನಾನು ಆ ದೇಶದಲ್ಲಿ ಬೇರೆ ಮಾಡಿರಲಿಲ್ಲ.

ಊರುಗೋಲಿನಲ್ಲಿ ಮನೆಗೆ ಬಂದ ಡೆರೆಕ್ ಪೆಗ್ಗಿಯನ್ನು ತೂಗಿ ನೋಡಿದರು. ಅವಳು ನನಗೆ ಸಿಗುತ್ತಾಳೆಂಬ ಭರವಸೆ ಇನ್ನು ಇರಲಿಲ್ಲ. ಆದರೆ ಅವರು ಅಂದರು: "ಹಕ್ಕಿ ಕಳ್ಕೊಳ್ಳದೋರು ಯಾರಿದ್ದಾರೆ? ಅದಕ್ಕಲ್ಲ ನಾನು ಕೇಳ್ತಿರೋದು. ಅವಳು ನಿನ್ನನ್ನ ಪ್ರೀತಿಸಲ್ಲ, ಡಕ್. ಆ ಕೈಯಲ್ಲಿ ಊಟ ಇರುತ್ತೆ ಅಂತ ನಂಬ್ತಾಳೆ, ಅಷ್ಟೆ. ಹದಿನೈದು ವರ್ಷ ಆ ಕೈ ಇಲ್ಲಿರುತ್ತಾ?"

ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬೇಕಿತ್ತು ನನಗೆ, ತುಂಬಾ ಬೇಕಿತ್ತು. ಆದರೆ ಆ ಪುಸ್ತಕದಲ್ಲಿ ಒಮ್ಮೆ ಸುಳ್ಳು ಬರೆದಾಗಿತ್ತು. "ಇಲ್ಲ. ಕರಾರು ಮುಗಿದ ಕೂಡಲೇ ಊರಿಗೆ ಹೋಗ್ತೀನಿ" ಎಂದೆ. ಡೆರೆಕ್ ತಲೆಯಾಡಿಸಿ, ಥ್ಯಾಂಕ್ಯೂ ಎಂದರು. ಆ ತಿಂಗಳಲ್ಲೇ ಸ್ಟ್ಯಾಫರ್ಡ್‌ಶೈರ್ ಕಡೆಯ ಹೆಂಗಸೊಬ್ಬಳು, ಹಕ್ಕಿ ಸಾಕಿ ಪಳಗಿದವಳು, ಪೆಗ್ಗಿಯನ್ನು ಪೆಟ್ಟಿಗೆಯಲ್ಲಿ ಕರೆದೊಯ್ದಳು.

ಇದಾಗಿ ಒಂಬತ್ತು ವರ್ಷ. ಎರಡು ಬೀದಿಯಾಚೆ ಮಾರ್ಟ್‌ಗೇಜ್ ಮೇಲೆ ಮನೆ ಕೊಂಡಿದ್ದೇನೆ. ಇಲ್ಲೇ ಹುಟ್ಟಿದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಪ್ರತಿ ಕ್ರಿಸ್‌ಮಸ್‌ಗೆ ಆ ಹೆಂಗಸಿನ ಕಾರ್ಡು ಡೆರೆಕ್‌ಗೆ ಬರುತ್ತದೆ, ನಾನು ಹೋಗಿ ಓದುತ್ತೇನೆ. ಪೆಗ್ಗಿ ಚೆನ್ನಾಗಿದ್ದಾಳೆ.

"ನೀನೂ ಇನ್ನೂ ಇಲ್ಲೇ ಇದೀಯ" ಎನ್ನುತ್ತಾರೆ ಡೆರೆಕ್.

"ಬರೋ ವರ್ಷ ಹೊರಡ್ತೀನಿ" ಎನ್ನುತ್ತೇನೆ.

ಅವರು ನಗುತ್ತಾರೆ. ನಾನು ತಮಾಷೆಗೆ ಹೇಳಿರುವುದಿಲ್ಲ.